ಬಾಯಾರದ ಮಣ್ಣು

"ಈ ಮಣ್ಣಿಗೆ ಬಾಯಾರಿಕೆನೇ ಇಲ್ವಾ?"

ಪವಿತ್ರ ಯಾರನ್ನೂ ಕೇಳಿರಲಿಲ್ಲ. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಗಾಜಿನ ಗೂಡಿನೊಳಗಿನ ತಕ್ಕಡಿಯೊಂದೇ. ಅದರ ತಟ್ಟೆಯ ಮೇಲೆ ಅಂಗೈ ನಡುವೆ ಕೂರುವಷ್ಟು ದುಂಡನೆಯ ಬಿಳಿ ಕಾಗದ. ಉಸಿರಿನ ಹಸಿಯನ್ನೂ ಹೀರಿಬಿಡುವ ಕಾಗದವದು. ಅದಕ್ಕೇ ಚಿಮಟದಲ್ಲಿ ಎತ್ತಿಟ್ಟು, ಗಾಜು ಸರಿಸಿ, ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ನಿಂತಿದ್ದಳು. ಅಂಕಿ ನಿಂತಿತು. ಒಲೆಯಲ್ಲಿ ಒಣಗಿಸಿ ಮತ್ತೆ ತೂಗುವ ಮೊದಲೇ ಗೊತ್ತಾಗುವಷ್ಟು ಭಾರ. ನಿನ್ನೆ ತೆಗೆದ ಡಬ್ಬಿಗಳ ಕಾಗದಗಳೂ ಹೀಗೇ ನೆಂದಿದ್ದವು.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ಜಂಬುಲಿಂಗಪ್ಪನವರು ಚಳ್ಳಕೆರೆಯಲ್ಲಿ ನಡೆಸುತ್ತಿದ್ದ ಮಣ್ಣು ಪರೀಕ್ಷೆಯ ಲ್ಯಾಬ್ ಅದು. ಮಣ್ಣು ನೀರನ್ನು ಎಷ್ಟು ಜೋರಾಗಿ ಎಳೆಯುತ್ತದೆಂದು ಅಳೆಯುವುದು ಅಲ್ಲಿ ಪವಿತ್ರಳ ಪಾಲಿನ ಕೆಲಸ. ಮಣ್ಣಿನ ಜೊತೆ ಕಾಗದವನ್ನು ಗಾಜಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ, ತಾಪ ಏರದ ಇಳಿಯದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ವಾರ ಬಿಡಬೇಕು. ಮಣ್ಣು ಬಾಯಾರಿದ್ದರೆ ಕಾಗದಕ್ಕೆ ಏನೂ ಉಳಿಸುವುದಿಲ್ಲ. ತಣಿದಿದ್ದರೆ ಕಾಗದವೂ ನೆನೆಯುತ್ತದೆ. ಅಷ್ಟು ದಿನ ಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿಲ್ಲ. ಒಳಗೆ ತಂಪಾಗಿರುತ್ತದೆಂದು ಮಜ್ಜಿಗೆ ಬಾಟಲಿ ಇಟ್ಟಿದ್ದ ಲ್ಯಾಬಿನ ಆಳು ದಾಸಣ್ಣನನ್ನು ಜಂಬುಲಿಂಗಪ್ಪ ಅವತ್ತೇ ಲೆಕ್ಕ ಕೊಟ್ಟು ಕೆಲಸದಿಂದ ಕಳಿಸಿದ್ದರು. ಅವನ ಜಾಗಕ್ಕೆ ಬಂದವಳೇ ಸಿದ್ದಕ್ಕ.

ಈ ಸಲದ ಮಣ್ಣು ಪರಶುರಾಂಪುರದ ಕಡೆಯದು. ಅಂಗನವಾಡಿ ಕಟ್ಟುವ ಜಾಗದ ಎರೆಮಣ್ಣು. ಒಣಗಿದ ಎರೆ ಮಳೆ ಕಂಡರೆ ಕುಡಿದು ಕುಡಿದು ಉಬ್ಬುತ್ತದೆ, ಮೇಲಿನ ಕಟ್ಟಡವನ್ನು ಎತ್ತಿ ಸೀಳುತ್ತದೆ. ಅಲ್ಲಿನ ಹಳೆಯ ಅಂಗನವಾಡಿ ಹಾಗೇ ಬಿರಿದಿತ್ತು. ಮಣ್ಣು ಬಾಯಾರಿದ್ದರೆ ಎರೆಯನ್ನೆಲ್ಲ ಬಗೆದು ಗರಸು ತುಂಬಬೇಕು. ಇಲ್ಲವಾದರೆ ಮೇಲುಮೇಲಿನ ಪಾಯವೇ ಸಾಕು. ನಿನ್ನೆಯ ಅಂಕಿ ನೋಡಿ, ಸಾಕೆಂದು ಜಂಬುಲಿಂಗಪ್ಪ ಸಂಜೆ ಫೋನಿನಲ್ಲೇ ಕಂಟ್ರಾಕ್ಟರಿಗೆ ಹೇಳಿಬಿಟ್ಟಿದ್ದರು. ಇವತ್ತು ಪಾಯಕ್ಕೆ ಕಾಂಕ್ರೀಟು.

ಮಣ್ಣು ತರಲು ಹೋಗಿದ್ದು ಪವಿತ್ರಳೇ. ಅಲ್ಲಿನ ಬಿರುಕಿನಲ್ಲಿ ಅವಳ ಕೈ ಮಣಿಕಟ್ಟಿನ ತನಕ ಇಳಿದಿತ್ತು. ಅಂಥ ನೆಲ ತಣಿದಿದೆ ಎಂದು ಕಾಗದ ಹೇಳುತ್ತಿದೆ. ನಂಬುವುದು ಯಾವುದನ್ನು?

ಡಬ್ಬಿಯನ್ನು ಬೆಳಕಿಗೆ ಹಿಡಿದಳು. ನಿನ್ನೆಯ ಆತುರದಲ್ಲಿ ಕಾಗದವನ್ನಷ್ಟೇ ನೋಡಿದ್ದಳು, ಮಣ್ಣನ್ನು ನೋಡಿರಲಿಲ್ಲ. ಕರಿಮಣ್ಣಿನ ಅಂಚಿನಲ್ಲಿ ಹಳದಿ ಕಲೆ. ಅದರ ಪಕ್ಕ ಬೂದಿಬಣ್ಣದ ನವಿರು ಕೂದಲು ಬೆಳೆಸಿಕೊಂಡು ಏನೋ ಕೂತಿತ್ತು. ಹುಳುವೆಂದುಕೊಂಡು ಚಿಮಟದಲ್ಲಿ ಎತ್ತಿದಳು. ಬೂಷ್ಟು ಹಿಡಿದ ಅನ್ನದ ಅಗುಳು.

ಪವಿತ್ರ ಚಿಮಟವನ್ನು ಹಾಗೇ ಹಿಡಿದು ಬಾಗಿಲ ಕಡೆ ತಿರುಗಿದಳು.

"ಸಿದ್ದಕ್ಕ!"

ಹೊರಗೆ ತಟ್ಟೆಗಳನ್ನು ತೊಳೆಯುತ್ತಿದ್ದ ಸಿದ್ದಕ್ಕ ಒದ್ದೆ ಕೈಯಲ್ಲೇ ಬಂದಳು. "ಯಾಕವ್ವ, ಚೇಳು ಕಡ್ದಂಗೆ ಕೂಗ್ತೀಯಾ?"

"ಈ ಡಬ್ಬಿ ಬಿಚ್ಚಿದ್ಯಾ?"

"ಹೂಂ ಕಣವ್ವ. ಸೀಗಿ ಹುಣ್ಣಿಮೆ ದಿನ." ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. "ಎಲ್ರ ಹೊಲದಾಗೂ ಭೂಮ್ತಾಯಿ ಬಯಕೆ ಊಟ ಉಂಡ್ಳು. ಇವಳೊಬ್ಳು ಬಾಯಿಗೆ ಟೇಪು ಸುತ್ತಿಸ್ಕಂಡು ಕತ್ತಲಾಗೆ ಕುಂತಿದ್ಲು. ನೀನೇ ಅಂದ್ಯಲ್ಲ, ಇದು ನಿಮ್ಮೂರ ಮಣ್ಣು ಸಿದ್ದಕ್ಕ ಅಂತ. ಬಸುರಿ ಹೆಂಗ್ಸಿನ ಮುಂದೆ ನಾವೇ ಉಂಡು ಕೈ ತೊಳ್ಕಣಾದಾ? ಹೊಲಕ್ಕೆ ಎಡೆಯನ್ನದ ಚರಗ ಚೆಲ್ಲಿ, ಉಳಿದಿದ್ದು ಬುತ್ತಿಯಾಗೆ ತಂದಿದ್ದೆ. ಎಲ್ಲಾ ಡಬ್ಬಿಗೂ ಒಂದೊಂದು ಅಗುಳು ಇಟ್ಟು, ಅರಿಶಿನದ ನೀರು ಚಿಮುಕಿಸ್ದೆ. ಟೇಪು ಹೆಂಗಿತ್ತೋ ಹಂಗೇ ಸುತ್ತೀನಿ, ಬೇಕಾದ್ರೆ ನೋಡು."

ಪವಿತ್ರ ಚಿಮಟ ಕೆಳಗಿಟ್ಟಳು. ಮರುಗಳಿಗೆ ಜಂಬುಲಿಂಗಪ್ಪನವರಿಗೆ ಫೋನು ಹಚ್ಚಿದಳು.

"ಸರ್, ಕಾಂಕ್ರೀಟು ನಿಲ್ಲಿಸ್ರಿ. ನಮ್ಮ ಅಂಕಿ ತಪ್ಪು."

"ಏನಮ್ಮಾ ಹಿಂಗಂತೀಯ? ಮಿಕ್ಸರ್ ತಿರುಗ್ತಾ ಐತೆ ಅಲ್ಲಿ!"

"ಡಬ್ಬಿ ಕೆಟ್ಟಾವೆ ಸರ್. ಎಲ್ಲಾನೂ. ನಿಮ್ಮ ಕಾಲಿಗೆ ಬೀಳ್ತೀನಿ, ಮೊದ್ಲು ನಿಲ್ಲಿಸ್ರಿ."

ಜಂಬುಲಿಂಗಪ್ಪ ಇನ್ನೊಂದು ಫೋನಿನಲ್ಲಿ ಮೊಳಕಾಲ್ಮೂರಿನ ಕಂಟ್ರಾಕ್ಟರ್ ಹೊನ್ನೂರಸ್ವಾಮಿಗೆ "ಆಪಯ್ಯಾ! ಆಪು ಅಂಟೇ ಆಪು!" ಎಂದು, ನಿಲ್ಲಿಸಲು ತೆಲುಗಿನಲ್ಲಿ ಕೂಗುವುದು ಪವಿತ್ರಳಿಗೂ ಕೇಳಿಸಿತು. ಆಮೇಲೆ ಈ ಫೋನಿಗೆ ಮರಳಿ, "ಒಂದು ಬುಟ್ಟಿ ಕಾಂಕ್ರೀಟು ಬಿದ್ದಿತ್ತಂತೆ. ನಿಂತೈತೆ," ಎಂದರು. "ಡಬ್ಬಿ ತಾವಾಗೇ ಕೆಡಲ್ಲ ಪವಿತ್ರ. ಯಾರು ಮುಟ್ಟಿದ್ದು? ಇರು, ಬರ್ತೀನಿ."

ಸಿದ್ದಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಫೋನಿನ ಮಾತೆಲ್ಲ ಅವಳಿಗೆ ತಿಳಿದಿರಲಿಲ್ಲ, ತಿಳಿದಷ್ಟಕ್ಕೇ ಮುಖದ ರಕ್ತ ಇಂಗಿತ್ತು.

"ಎರಡು ಹನಿ ನೀರಿಗೆ ಮನೆ ಬೀಳ್ತೈತಾ ಅವ್ವ?"

"ನೀನು ಎರೆದ ನೀರು ಕುಡಿದು, ನನಗೆ ಸಾಕಾಗೈತೆ ಅಂತು ಮಣ್ಣು. ನಾನು ನಂಬಿದೆ. ಅಲ್ಲಿರೋ ಮಣ್ಣಿಗೆ ಯಾರೂ ಎರೆದಿಲ್ವಲ್ಲ. ಮಳೆ ಬಂದ ದಿನ ಅದು ಕುಡಿಯೋದು, ಗೋಡೆ ಬಿರಿಯೋದು."

"ಗೋಡೆ ಒಳಗೆ ಮಕ್ಳು."

"ಹೂಂ."

"ನಮ್ಮ ರಶ್ಮಿತಾ." ಮೊಮ್ಮಗಳ ಹೆಸರು ಹೇಳಿ ಸಿದ್ದಕ್ಕ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ತನಗೆ ಅಂಟಿದೆ ಎಂಬಂತೆ. ಅಳಲಿಲ್ಲ. ನೆಲಕ್ಕೆ ಕೂತಳು.

ಆ ಕೂರುವಿಕೆಯನ್ನು ಪವಿತ್ರಳಿಂದ ನೋಡಲಾಗಲಿಲ್ಲ. ಮಂಡಿ ನೋವು ಹಿಡಿದ ಮೇಲೆ ಶೇಂಗಾ ಕೀಳುವ ಕೂಲಿಗೆ ಯಾರೂ ಕರೆಯದೆ, ಸುತ್ತಾಡಿ ಸುತ್ತಾಡಿ ಈ ನೆರಳಿನ ಕೆಲಸ ಹಿಡಿದಿದ್ದವಳು. ಇದು ಹೋದರೆ ಮತ್ತೊಂದಿಲ್ಲ. ಪವಿತ್ರ ಪಕ್ಕದಲ್ಲಿ ಮಂಡಿಯೂರಿದಳು.

"ನೋಡು ಸಿದ್ದಕ್ಕ, ಕಾಂಕ್ರೀಟು ನಿಂತೈತೆ. ಹೊಸ ಮಣ್ಣು ತಂದು ಮೊದ್ಲಿಂದ ಮಾಡ್ತೀವಿ. ನಿಮ್ಮೂರಿಗೇನೂ ಆಗಲ್ಲ. ಕರೆಂಟು ಹೋಗಿ, ಎ.ಸಿ. ನಿಂತು ಪೆಟ್ಟಿಗೆ ಕಾದಿತ್ತು ಅಂತ ಸರ್‌ಗೆ ನಾನು ಹೇಳ್ತೀನಿ, ಅವ್ರು ನಂಬ್ತಾರೆ. ನಿನ್ನ ಕೇಳಿದ್ರೆ ಬಿಚ್ಚಿಲ್ಲ ಅಂದ್ಬಿಡು. ಅಷ್ಟೇ."

"ಎಡೆ ಇಟ್ಟೀನಲ್ಲವ್ವ."

"ಇಟ್ಟಿದ್ದು ನಿನಗೆ ಗೊತ್ತು, ನನಗೆ ಗೊತ್ತು. ಅವ್ರಿಗ್ಯಾಕೆ? ದಾಸಣ್ಣನ್ನ ಹೆಂಗೆ ಕಳಿಸಿದ್ರು ಮರೆತ್ಯಾ?"

"ದಾಸಣ್ಣ ಮಜ್ಜಿಗೆ ಇಟ್ಟ. ನಾನು ಎಡೆ ಇಟ್ಟೆ."

"ಅವ್ರಿಗೆ ಎರಡೂ ಒಂದೇ!"

ಅಂಗಳದಲ್ಲಿ ಬೈಕು ಬಂದು ನಿಂತ ಸದ್ದಾಯಿತು. ಸಿದ್ದಕ್ಕ ನೆಲಕ್ಕೆ ಕೈಯೂರಿ, ಮಂಡಿ ಹಿಡಿದುಕೊಂಡು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದೇವರ ಗುಡಿಯೊಳಗೆ ಕಾಲಿಡುವಾಗ ಎಳೆದುಕೊಳ್ಳುವ ಹಾಗೆ.

"ತಪ್ಪಾತು. ಕೆಲ್ಸ ತೆಗೀಲಿ, ಬೈಲಿ. ತಾಯಿಗೆ ಎಡೆ ಇಟ್ಟು ಕೈ ಮುಗ್ದೀನಿ. ಇಟ್ಟಿಲ್ಲ ಅಂತ ಯಾವ ಬಾಯಾಗೆ ಅನ್ಲಿ?"

"ನನಗೋಸ್ಕರನಾದ್ರೂ ಅನ್ನು ಸಿದ್ದಕ್ಕ. ಒಂದೇ ಮಾತು." ಪವಿತ್ರ ಅವಳ ಒದ್ದೆ ಕೈ ಹಿಡಿದಳು. ಚಪ್ಪಲಿಯ ಸದ್ದು ಮೆಟ್ಟಿಲು ಹತ್ತುತ್ತಿತ್ತು.

ಸಿದ್ದಕ್ಕ ಕೈ ಬಿಡಿಸಿಕೊಂಡಳು.

"ಅನ್ನಲ್ಲ."