ಬೆವರಿನ ಕಲೆ

ನನ್ನ ಗಂಡ ತೀರಿಹೋಗಿ ನಾಳೆಗೆ ವರ್ಷ. ಅವರ ಬಿಳಿ ಉಣ್ಣೆಯ ಕಲ್ಪಾಕ್ ಟೋಪಿ ಅಂದಿನಿಂದ ಗೋಡೆಯ ಎತ್ತರದ ಮೊಳೆಯಲ್ಲೇ ಇತ್ತು. ಗಂಡಸಿನ ಕಲ್ಪಾಕನ್ನು ನಾವು ನೆಲಕ್ಕೂ ತಾಗಿಸುವುದಿಲ್ಲ. ಅಂಥದ್ದನ್ನು ಹೊಸ ಸೊಸೆ ಮೀರಿಮ್, ನಾಳೆ ಊಟಕ್ಕೆ ಬರುವವರೆದುರು ಬೆಳ್ಳಗಿರಲೆಂದು ವಾಷಿಂಗ್ ಮೆಷಿನ್ನಿಗೆ ತುರುಕಿದ್ದಳು. ಅದೂ ಬಿಸಿನೀರಿಗೆ!

ನಾನು ಅದರ ಬಾಗಿಲು ಹಿಡಿದು ಜಗ್ಗಿದೆ. ಅಲ್ಲಾಡಲಿಲ್ಲ.

"ನಿಲ್ಲಿಸೇ ಇದನ್ನ!"

"ಗುಂಡಿ ಒತ್ತಿದ್ರೂ ಕೇಳ್ತಿಲ್ಲ ಅತ್ತೆ. ಮುಗಿಯೋವರೆಗೂ ಬಾಗ್ಲು ಬಿಡಲ್ಲ."

"ಬಿಸಿನೀರಲ್ಲಿ ಉಣ್ಣೆ ಏನಾಗುತ್ತೆ ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ನಿಮ್ಮನೇಲಿ ಕುರಿ ಸಾಕಿದ್ರೋ, ಬರೀ ತಿಂದ್ರೋ?"

"ಟೋಪಿ ಒಳಪಟ್ಟಿ ತುಂಬಾ ಬೆವರಿನ ಕಲೆ ಇತ್ತು ಅತ್ತೆ..." ಅವಳು ಅಳತೊಡಗಿದಳು.

ಗಾಜಿನಾಚೆ ಟೋಪಿ ತಿರುಗುತ್ತ ತಿರುಗುತ್ತ ಕುಗ್ಗಿತು. ಗಾಜಿಗೆ ಗುದ್ದಿ ಗುದ್ದಿ ಕೈ ಸೋತು, ಅಲ್ಲೇ ಕುಕ್ಕರಿಸಿದೆ. ಒಂದು ಗಂಟೆ ಕಳೆದ ಮೇಲೆ ಬಾಗಿಲು ಟಕ್ಕೆಂದು ತಾನಾಗಿ ಬಿಟ್ಟುಕೊಂಡಿತು. ಟೋಪಿ ಚಹಾ ಬಟ್ಟಲಿನಷ್ಟಾಗಿತ್ತು.

"ಇಂಥದ್ದೇ ಹೊಸದು ತರೋಣ ಅತ್ತೆ."

ಮನೆಯಲ್ಲಿ ಯಾರೂ ಇಲ್ಲದಾಗೆಲ್ಲ ಸ್ಟೂಲು ಹತ್ತಿ, ಆ ಬೆವರಿನ ಪಟ್ಟಿಗೆ ಮೂಗಿಟ್ಟು ನಿಲ್ಲುತ್ತಿದ್ದೆನೆಂದು ಅವಳಿಗೆ ಹೇಗೆ ಹೇಳಲಿ? ಈಗಲೂ ಮೂಗಿಗಿಟ್ಟೆ. ಸೋಪಿನಪುಡಿಯ ಗುಲಾಬಿ ವಾಸನೆ ಹೊಡೆಯಿತು.