ಅರವತ್ತೊಂದನೆಯ ಪಾಠ

ಆ ವಾಕ್ಯವನ್ನು ತಾನು ಹೇಳಿಲ್ಲ ಎನ್ನುವುದು ಎರಡನೇ ಸಲ ಕೇಳಿದಾಗ ಅಕ್ಕನಿಗೆ ಖಾತ್ರಿಯಾಯಿತು. "ಬಾಡಿಗೆಗೆ ಮನೆ ಇದೆಯಾ ಅಂತ ಕೇಳೋಕೆ ಬಂದೆ," ಎನ್ನುತ್ತಿತ್ತು ಫೋನಿನಲ್ಲಿ ಅರವತ್ತೊಂದನೆಯ ಪಾಠ. ದನಿ ಅವಳದೇ. ವಾಕ್ಯದ ಕೊನೆಗೆ ಮೆತ್ತಗೆ ಇಳಿಯುವ ರೀತಿಯೂ ಅವಳದೇ. ಆದರೆ ಅವಳು ಬಾಯಿ ಬಿಟ್ಟು ಹನ್ನೊಂದು ದಿನವಾಗಿತ್ತು. ಹದಿನೈದು ದಿನ ಪಿಸುಮಾತೂ ಕೂಡದು ಎಂದು ಗಂಟಲಿನ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಲಿನವನಿಗೂ ಅವಳು ಚೀಟಿ ಬರೆದು ಕೊಡುತ್ತಿದ್ದಳು.

ನೋಟುಪುಸ್ತಕ, ಕೆಂಪು ಪೆನ್ನು ಹಿಡಿದುಕೊಂಡು ಮುಂದಿನ ಕೋಣೆಗೆ ಹೋದಳು. ತಮ್ಮ ಕಂಪ್ಯೂಟರಿನ ಮುಂದೆ ಕೂತು ಯಾರದೋ ಮದುವೆಯ ವಿಡಿಯೊ ಕತ್ತರಿಸುತ್ತಿದ್ದ. ಅದು ಅವನ ಕಸುಬು. ಅಕ್ಕ ಫೋನನ್ನು ಅವನ ಮೂಗಿನ ಕೆಳಗೆ ಹಿಡಿದು, 'ಇದು ಯಾರು?' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

"ನೀನೇ ಅಕ್ಕ," ಎಂದ ಅವನು, ತಿರುಗಿ ನೋಡದೆ.

'ನಾನಲ್ಲ.'

"ನೀನಲ್ಲ, ಆದ್ರೂ ನೀನೇ. ನೀನು ಓದಿಟ್ಟಿದ್ದನ್ನ ಕೇಳಿ ಮಷಿನ್ನು ನಿನ್ನ ಥರ ಹೇಳುತ್ತೆ. ಬರೆದು ಕೊಟ್ರೆ ಸಾಕು, ಒಂದು ನಿಮಿಷದಲ್ಲಿ ಪಾಠ ರೆಡಿ. ಹೇಗಿದೆ ಹೇಳು? ಥೇಟ್ ನೀನೇ ಅಲ್ವಾ?"

ಹೊಗಳಿಕೆ ಬೇರೆ ಬೇಕಿತ್ತು ಮಹಾಶಯನಿಗೆ!

ಈ ಪಾಠದ ಚಾನೆಲ್ಲಿನ ಯೋಚನೆ ಅವನದೇ, ಒಪ್ಪಬೇಕು. ಬೇರೆ ಕಡೆಯಿಂದ ಬಂದವರ ಮಕ್ಕಳಿಗೆ ಊರಿನ ಭಾಷೆ ಕಲಿಸುತ್ತ ಅಕ್ಕ ಇಪ್ಪತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಸವೆದಿದ್ದಳು. ಒಂದು ದಿನ ಶಾಲೆಯವರು ಆ ತರಗತಿಯನ್ನೇ ಎತ್ತಿಬಿಟ್ಟರು. ಆಮೇಲೆ ಅವಳು ಅಡುಗೆಮನೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುವುದನ್ನು ನೋಡಲಾರದೆ ತಮ್ಮ ಹೇಳಿದ್ದ: "ಚಾನೆಲ್ ಶುರು ಮಾಡೋಣ. ಮುಖ ಮಾತ್ರ ಬೇಡ. ಮುಖ ತೋರಿಸಿದ್ರೆ ಜನ ವಯಸ್ಸು ನೋಡ್ತಾರೆ, ಪಾಠ ನೋಡಲ್ಲ." ಆ ಮಾತು ಅಕ್ಕನಿಗೆ ಚುರುಕ್ ಎಂದಿತ್ತು. ಕನ್ನಡಿಯ ಮುಂದೆ ಎರಡು ದಿನ ನಿಲ್ಲಲಿಲ್ಲ. ಮೂರನೇ ದಿನ ಸರಿ ಎಂದಳು. ತೆರೆಯ ಮೇಲೆ ಕನ್ನಡಕ ಹಾಕಿದ ಇಪ್ಪತ್ತರ ಹುಡುಗಿಯ ಚಿತ್ರ ಬಂತು. ಅದು ಬಾಯಿ ಆಡಿಸುತ್ತಿತ್ತು, ಅಕ್ಕ ಮಾತಾಡುತ್ತಿದ್ದಳು. ದನಿ ಯಾರದೆಂದು ಯಾರಿಗೂ ಹೇಳಬಾರದು ಎನ್ನುವುದು ತಮ್ಮನ ನಿಯಮ.

ರೆಕಾರ್ಡಿಂಗು ಮರದ ಬೀರುವಿನೊಳಗೆ. ಕಂಬಳಿ, ಕೋಟುಗಳ ನಡುವೆ ಮೊಣಕಾಲು ಮಡಚಿಕೊಂಡು ಕೂತು, ಬಾಗಿಲು ಎಳೆದುಕೊಂಡರೆ ಬೀದಿಯ ಗದ್ದಲ ಕೇಳುತ್ತಿರಲಿಲ್ಲ. ಫ್ಯಾನು ಬಂದ್. ಫ್ರಿಜ್ಜು ಗುಂಯ್ ಅನ್ನುತ್ತದೆಂದು ಅದೂ ಬಂದ್. ಮತ್ತೆ ಹಾಕಲು ಮರೆತು ಮೂರು ಸಲ ಹಾಲು ಒಡೆದು, ತಮ್ಮನ ಹೆಂಡತಿ, "ಅತ್ತಿಗೆ, ನಿಮ್ಮ ಪಾಠದಿಂದ ಊರಿಗೆಲ್ಲ ಭಾಷೆ ಬಂತು, ನಮಗೆ ಕಾಫಿ ಹೋಯ್ತು," ಎಂದು ಚುಚ್ಚಿದ್ದಳು.

ಜಗಳವಾಗಿದ್ದು ಒಂದೇ ವಿಷಯಕ್ಕೆ. ಅಕ್ಕ ಒಂದು ವಾಕ್ಯ ಹೇಳಿ, "ಈಗ ನೀವು ಹೇಳಿ," ಎಂದು ಸುಮ್ಮನಾಗುತ್ತಿದ್ದಳು. ಬೀರುವಿನ ಕತ್ತಲಲ್ಲಿ ಬೆರಳು ಮಡಚುತ್ತ ನಾಲ್ಕೆಣಿಸುತ್ತಿದ್ದಳು. ಕೊನೆಯ ಬೆಂಚಿನ ನಿಧಾನದ ಮಗು ತಡವರಿಸಿ ಮುಗಿಸಲು ಅಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತು. ತಮ್ಮ ಆ ಮೌನವನ್ನು ಕತ್ತರಿಸಿ ಎಸೆದ. "ಸುಮ್ಮನಿದ್ರೆ ಜನ ಓಡಿ ಹೋಗ್ತಾರೆ ಅಕ್ಕ."

"ಬಾಯಿ ತೆಗೆಯೋಕೆ ಬಿಡದೆ ಭಾಷೆ ಕಲಿಸ್ತೀಯೇನೋ? ನಿನ್ನ ತಲೆ!" ಎಂದು ಅವಳು ಕೂಗಾಡಿದ ಮೇಲೆ ವಾಪಸ್ಸು ಸೇರಿಸಿದ್ದ.

ಅವಳು ಹೇಳಿದ್ದೇ ಸರಿ ಎನ್ನುವುದಕ್ಕೆ ಸಾಕ್ಷಿ ಮೆಟ್ಟಿಲ ಮೇಲೇ ಸಿಕ್ಕಿತು. ಕಟ್ಟಡದ ಮೆಟ್ಟಿಲು ಒರೆಸುವ ಹೆಂಗಸು ಊರಿಗೆ ಬಂದು ಆರು ತಿಂಗಳಾಗಿತ್ತು. ಅವಳ ಏಪ್ರನ್ನಿನ ಜೇಬಿನಿಂದ ಒಂದು ಬೆಳಗ್ಗೆ ಅಕ್ಕನ ದನಿ ಕೇಳಿಬಂತು. "ಈಗ ನೀವು ಹೇಳಿ," ಎಂದಿತು ದನಿ. ಹೆಂಗಸು ಒರೆಸುವುದನ್ನು ನಿಲ್ಲಿಸಿ, ತೊದಲಿ, ಸರಿಯಾಗಿ ನಾಲ್ಕೆಣಿಸುವಷ್ಟರಲ್ಲಿ ಹೇಳಿ ಮುಗಿಸಿದಳು. ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಕಣ್ಣು ತುಂಬಿತು. ಚಾನೆಲ್ಲಿಗೆ ನಲವತ್ತು ಸಾವಿರ ಜನ ಇದ್ದರಂತೆ, ಇರಲಿ. ಅವಳಿಗೆ ಕಿವಿಯಾರೆ ಕೇಳಲು ಸಿಕ್ಕಿದ ಶಿಷ್ಯೆ ಇವಳೊಬ್ಬಳೇ. ದಿನಾ ಬೆಳಗ್ಗೆ ಆ ಹೊತ್ತಿಗೆ ಬಾಗಿಲ ಹಿಂದೆ ಬಂದು ನಿಲ್ಲುವುದು ಅಭ್ಯಾಸವಾಯಿತು.

ಹೋದ ತಿಂಗಳು ತಮ್ಮ ಒಂದು ಕಟ್ಟು ಹಾಳೆ ತಂದಿದ್ದ. ಸಾವಿರ ವಾಕ್ಯ. "ನಾಳೆ ನಿನಗೆ ನೆಗಡಿ ಆದ್ರೆ ಪಾಠ ನಿಲ್ಲಬಾರದು ನೋಡು. ಓದಿ ಇಟ್ಟಿರು." ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು: ಸಿಟ್ಟಿನವು, ನಗುವಿನವು, ಪ್ರಶ್ನೆಗಳು. ಬೇರೆಯವರಾಗಿದ್ದರೆ ಗೊಣಗಿ ಮುಗಿಸುತ್ತಿದ್ದರು. ಅಕ್ಕ ಮೇಷ್ಟ್ರಮ್ಮ! ಒಂದು ಅಕ್ಷರ ಜಾರಿದರೂ ಮತ್ತೆ ಓದಿದಳು. ಆರು ದಿನ ಬೀರುವಿನೊಳಗೆ ಬೆವರಿ ಓದಿದಳು. ಏಳನೇ ದಿನ ಗಂಟಲಿನಿಂದ ಗಾಳಿ ಮಾತ್ರ ಬಂತು.

ಈಗ ಅವಳು ಬರೆದಳು: 'ನನ್ನನ್ನು ಒಂದು ಮಾತು ಕೇಳಿದೆಯಾ?'

"ಕೇಳಿದೀನಿ," ಎಂದ ತಮ್ಮ. ಅವನಿಗೂ ಮುಖ ಕೆಂಪಾಗಿತ್ತು. ಕಂಪ್ಯೂಟರಿನಲ್ಲಿ ಏನೋ ಹುಡುಕಿ ಒತ್ತಿದ. ಬೀರುವಿನೊಳಗಿನ ಅಕ್ಕ ಮಾತಾಡಿದಳು: "ನನ್ನ ದನಿಯನ್ನು ಈ ಚಾನೆಲ್ಲಿಗೆ ಹೇಗೆ ಬೇಕಾದರೂ ಬಳಸಿಕೊಳ್ಳಲು ನಾನು ಮನಸಾರೆ ಒಪ್ಪಿದ್ದೇನೆ." ಒಂದು ಕೆಮ್ಮು. ಆಮೇಲೆ, "ತಾಳು, ಕೊನೆಗೆ ಉಸಿರು ತುಂಡಾಯ್ತು, ಇನ್ನೊಂದ್ಸಲ ಹೇಳ್ತೀನಿ." ಮತ್ತೆ ಅದೇ ವಾಕ್ಯ, ಈ ಸಲ ಒಂದೊಂದು ಅಕ್ಷರವೂ ಸ್ಪಷ್ಟ. "ಮನಸಾರೆ" ಎನ್ನುವಲ್ಲಿ ನಿಜವಾಗಲೂ ಮನಸ್ಸಿತ್ತು.

"ಏಳುನೂರ ಹನ್ನೆರಡನೇ ವಾಕ್ಯ," ಎಂದ ತಮ್ಮ, ನೆಲ ನೋಡುತ್ತ. "ಆ ಮಷಿನ್ನಿನ ಕಂಪನಿಯವರು ಹಾಗೆ ಹೇಳಿಸಬೇಕು ಅಂತಾರೆ. ನೀನು ಓದಿದೆಯಲ್ಲ ಅಕ್ಕ."

ಓದಿದ್ದಳು. ಉಚ್ಚಾರ ನೋಡುತ್ತ ಓದಿದ್ದಳು. ಏನು ಓದುತ್ತಿದ್ದೇನೆಂದು ನೋಡಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಮಕ್ಕಳಿಗೆ, "ಗಿಣಿಯ ಹಾಗೆ ಓದಬೇಡ, ಅರ್ಥ ಮಾಡ್ಕೊಂಡು ಓದು," ಎಂದು ಬೆಂಚು ಕುಟ್ಟಿದವಳು! ಅವಳಿಗೆ ತಮ್ಮನ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು.

'ನನ್ನ ದನಿ ತೆಗೆದುಬಿಡು,' ಎಂದು ಬರೆದಳು. ಪೆನ್ನಿನ ಮೊನೆಗೆ ಹಾಳೆ ಹರಿಯಿತು.

"ತೆಗೆದ್ರೆ ಚಾನೆಲ್ಲಲ್ಲಿ ಏನುಳಿಯುತ್ತೆ ಹೇಳು? ಮುಖವೂ ಇಲ್ಲ, ದನಿಯೂ ಇಲ್ಲ. ಹೋಗ್ಲಿ ಬಿಡು ಅಕ್ಕ. ಇಷ್ಟು ವರ್ಷ ಕಿರುಚಿದ್ದು ಸಾಕು, ಇನ್ಮೇಲೆ ಆರಾಮಾಗಿರು. ಉಪ್ಪುನೀರು ಕಾಯಿಸಿ ಕೊಡ್ಲಾ?"

ಒಳಗಿನಿಂದ ಅವನ ಹೆಂಡತಿ ಕೇಳಿದಳು, "ಹಾಗಾದ್ರೆ ಇನ್ಮೇಲೆ ಫ್ರಿಜ್ಜು ಆಫ್ ಮಾಡೋದು ಬೇಡ ತಾನೇ?"

ಅಕ್ಕ ನೋಟುಪುಸ್ತಕ ಮುಚ್ಚಿದಳು. ಬೀರುವಿನಿಂದ ಮೈಕು ತೆಗೆದು ತಮ್ಮನ ಮೇಜಿನ ಮೇಲಿಟ್ಟು ಬಂದಳು. ಉಳಿದ ನಾಲ್ಕು ದಿನ ಒಂದೇ ಯೋಚನೆ. ನಲವತ್ತು ಸಾವಿರ ಜನರನ್ನು ಮಷಿನ್ನೇ ಇಟ್ಟುಕೊಳ್ಳಲಿ. ಮೆಟ್ಟಿಲಿನವಳಿಗೆ ಮಾತ್ರ ತಾನೇ ಕಲಿಸಬೇಕು, ಎದುರಿಗೆ ನಿಂತು, ಮುಖ ತೋರಿಸಿ.

ಹದಿನಾರನೇ ಬೆಳಗ್ಗೆ ಬಾಗಿಲು ತೆಗೆದಳು. ಹೆಂಗಸು ಮೂರನೇ ಮೆಟ್ಟಿಲ ಮೇಲಿದ್ದಳು. ಜೇಬಿನಲ್ಲಿ ಅರವತ್ತೊಂದನೆಯ ಪಾಠ ಬಡಬಡನೆ ಓಡುತ್ತಿತ್ತು. ಅದರಲ್ಲಿ ಮೌನ ಇರಲಿಲ್ಲ. ಒಂದು ವಾಕ್ಯ ಹೇಳುವಷ್ಟರಲ್ಲಿ ಇನ್ನೊಂದು ಬಂದು, ಹೆಂಗಸು ಒದ್ದೆ ಕೈಯಲ್ಲೇ ಫೋನು ನಿಲ್ಲಿಸಿ ನಿಲ್ಲಿಸಿ ಒದ್ದಾಡುತ್ತಿದ್ದಳು.

"ಅದನ್ನ ಬಿಡಿ, ನಾನು ಹೇಳಿಕೊಡ್ತೀನಿ," ಎಂದಳು ಅಕ್ಕ. ದನಿ ದಪ್ಪಗಾಗಿತ್ತು, ಅಲ್ಲಲ್ಲಿ ಸೀಳಿತ್ತು. "ಆ ಟೀಚರ್ ನಾನೇ ಕಣಮ್ಮ."

ಹೆಂಗಸು ತೆರೆಯ ಮೇಲಿನ ಕನ್ನಡಕದ ಹುಡುಗಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕುಹಕವೇನೂ ಇರಲಿಲ್ಲ, ಹಿರಿಯರು ತಮಾಷೆ ಮಾಡಿದಾಗ ನಗುವ ಹಾಗೆ ನಕ್ಕಳು. "ಟೀಚರ್ ಚಿಕ್ಕವಳು. ದನಿ ಚೆಂದ."

ಅಕ್ಕ ಗಂಟಲು ಸರಿಮಾಡಿಕೊಂಡಳು. ನಿಧಾನವಾಗಿ, ಬಿಡಿಬಿಡಿಸಿ ಹೇಳಿದಳು: "ಬಾಡಿಗೆಗೆ ಮನೆ ಇದೆಯಾ ಅಂತ ಕೇಳೋಕೆ ಬಂದೆ. ಈಗ ನೀವು ಹೇಳಿ." ಬೆನ್ನ ಹಿಂದೆ ಬೆರಳು ಮಡಚತೊಡಗಿದಳು. ಒಂದು. ಎರಡು. ಮೂರು. ನಾಲ್ಕು.

ಹೆಂಗಸು ಹೇಳಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು, ಪಾಠವನ್ನು ಹಿಂದಕ್ಕೆ ಸರಿಸಿ, ಫೋನನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಆ ವಾಕ್ಯವನ್ನು ಪೂರ್ತಿ ಕೇಳಿದಳು. ಆಮೇಲೆ ಅಕ್ಕನ ಕಡೆ ತಿರುಗಿ ತಲೆಯಾಡಿಸಿದಳು.

"ಸರಿ ಇದೆ ಅಮ್ಮ," ಎಂದಳು ಖುಷಿಯಿಂದ. "ನೀವು ಸರಿಯಾಗೇ ಹೇಳಿದ್ರಿ."

ಬಕೆಟ್ಟು ಎತ್ತಿಕೊಂಡು ಒಂದು ಮೆಟ್ಟಿಲು ಕೆಳಗಿಳಿದು ಒರೆಸತೊಡಗಿದಳು. ಮೇಲಿನ ಮೆಟ್ಟಿಲು ಇನ್ನೂ ಒದ್ದೆಯಿತ್ತು. ಅದು ಒಣಗುವವರೆಗೂ ಅಕ್ಕ ನಾಲ್ಕು ಬೆರಳು ಮಡಚಿಕೊಂಡೇ ಬಾಗಿಲಲ್ಲಿ ನಿಂತಿದ್ದಳು.