ಫೋಟೋದ ಅಂಚಿನಲ್ಲಿದ್ದ ಕೈ

ಆ ಕೈ ನನ್ನದೇ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ, ಮಣಿಕಟ್ಟಿನಲ್ಲಿ ಹಳೇ ವಾಚು. ಕಣ್ಣುಜ್ಜಿಕೊಂಡು ಪರದೆಯ ಮೇಲೆ ಇನ್ನಷ್ಟು ದೊಡ್ಡದು ಮಾಡಿ ನೋಡಿದೆ. ಅನುಮಾನವೇ ಇಲ್ಲ, ನನ್ನದೇ.

ಮೂವತ್ತು ವರ್ಷ ಹಾಡುಗಾರರ ಹಿಂದೆ ಕ್ಯಾಮೆರಾ ನೇತುಹಾಕಿಕೊಂಡು ಅಲೆದವನು ನಾನು. ನನಗೆ ಹೆಸರು ತಂದದ್ದು ಮಾತ್ರ ಒಂದೇ ಫೋಟೋ: ಜನ ‘ಗುಡುಗು’ ಎಂದೇ ಕರೆಯುತ್ತಿದ್ದ ಗಾಯಕ, ವೇದಿಕೆ ಹತ್ತುವ ಮುಂಚೆ ಮೇಕಪ್ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದು. ಆಮೇಲೆ ಸ್ಟಾರುಗಳೇ ನನ್ನನ್ನು ಹುಡುಕಿಕೊಂಡು ಬಂದರು. ಈಗ ನನ್ನ ಪುಸ್ತಕಕ್ಕೂ ಅದೇ ಮುಖಪುಟ. ಪ್ರಕಾಶಕರು ಕೇಳಿದರೆಂದು ಮೂಲ ನೆಗೆಟಿವನ್ನು ಮೊದಲ ಸಲ ಪೂರ್ತಿ ಸ್ಕ್ಯಾನ್ ಮಾಡಿದ್ದೆ. ಬಲ ಅಂಚಿನಲ್ಲಿ, ಮುಖಕ್ಕೆ ಬೆಳಕು ಬೀಳಿಸುವ ಬಿಳಿ ಹಲಗೆಯನ್ನು ಹಿಡಿದ ನನ್ನ ಎರಡೂ ಕೈ!

ಹಾಗಾದರೆ ಬಟನ್ ಒತ್ತಿದ್ದು ಯಾರು? ಒತ್ತಿದ್ದು ನನಗೆ ನೆನಪಿದೆಯಲ್ಲ! ಉಸಿರು ಬಿಗಿಹಿಡಿದದ್ದು, ಬೆರಳು ನಡುಗಿದ್ದು, ಎಲ್ಲವನ್ನೂ ಎಷ್ಟು ಸಂದರ್ಶನಗಳಲ್ಲಿ ಹೇಳಿಲ್ಲ ನಾನು?

ಅವತ್ತು ಕೋಣೆಯಲ್ಲಿ ನಮ್ಮ ಜೊತೆ ಇದ್ದವಳು ನನ್ನ ತಂಗಿ ಒಬ್ಬಳೇ. ನನಗೆ ಫಿಲ್ಮ್ ತುಂಬಿ ಕೊಡುತ್ತಿದ್ದವಳು, ಪ್ರಿಂಟ್ ಹಾಕುತ್ತಿದ್ದವಳು ಎಲ್ಲ ಅವಳೇ. ನೇರ ಅವಳ ಮನೆಗೆ ಹೋದೆ. ಬಟ್ಟೆ ಮಡಚುತ್ತಿದ್ದಳು. ಫೋನಿನಲ್ಲಿ ಆ ಪೂರ್ತಿ ಚಿತ್ರವನ್ನು ತೆಗೆದು ಅವಳ ಮುಂದೆ ಹಿಡಿದೆ.

“ಇದೇನೇ ಇದು?”

“ನಿನ್ನ ಕೈ.”

“ಅದು ಗೊತ್ತು ಕಣೇ! ಫೋಟೋ ತೆಗೆದೋರು ಯಾರು?”

“ನಾನು. ಹೊಸ ಫಿಲ್ಮ್ ಹಾಕ್ತಿದ್ದೆ, ಕ್ಯಾಮೆರಾ ನನ್ನ ಹತ್ರಾನೇ ಇತ್ತು. ಅವರು ಅಳೋಕೆ ಶುರು ಮಾಡಿದ್ರು, ನೀನು ಹಲಗೆ ಹಿಡ್ಕೊಂಡು ಕಲ್ಲಾಗಿ ನಿಂತಿದ್ದೆ. ಪ್ರಿಂಟಲ್ಲಿ ನಿನ್ನ ಕೈನ ನಾನೇ ಕತ್ತರಿಸ್ದೆ. ಅಸಹ್ಯವಾಗಿ ಕಾಣ್ತಿತ್ತು.”

“ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಮೊದಲನೇ ಸಲ ನಿನ್ನ ಹೆಸರಲ್ಲಿ ಬಂದಾಗ, ತಿದ್ದಿಸ್ತೀಯ ಅಂದ್ಕೊಂಡೆ. ಆಮೇಲೆ ನೀನು ಆ ಕತೆ ಎಷ್ಟು ಚೆನ್ನಾಗಿ ಹೇಳ್ತಿದ್ದೆ ಅಂದ್ರೆ ಅಣ್ಣಾ, ತೆಗೆದಿದ್ದು ನಾನೇನಾ ಅಂತ ನನಗೇ ಅನುಮಾನ ಬಂತು.”

ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಅಲ್ಲಿಂದಲೇ ಪ್ರಕಾಶಕರಿಗೆ ಫೋನ್ ಮಾಡಿದೆ. “ಮುಖಪುಟದ ಫೋಟೋ ನನ್ನದಲ್ಲ, ನನ್ನ ತಂಗೀದು. ಅವಳ ಹೆಸರು ಹಾಕಿ. ಏನೂ ಕತ್ತರಿಸಬೇಡಿ, ಪೂರ್ತಿ ಹಾಕಿ.”

“ಕೈ ಕಾಣುತ್ತಲ್ಲೋ ಅಣ್ಣಾ,” ಎಂದಳು ತಂಗಿ. ಅವಳ ಕಣ್ಣು ತುಂಬಿತ್ತು.

“ಕಾಣಲಿ ಬಿಡೇ. ಅವತ್ತು ನಾನು ಮಾಡಿದ್ದು ಅಷ್ಟೇ ತಾನೆ?”

ಹಾಗೆಂದೆ. ಆದರೆ ನನ್ನ ತೋರುಬೆರಳಿಗೆ ಮಾತ್ರ ಆ ಬಟನ್ ಒತ್ತಿದ್ದು ಈಗಲೂ ನೆನಪಿದೆ.